ರಕ್ತವಾಂತಿಯಾಗುವವರೆಗೆ ಕಾಯಬೇಕೇ?

ಕಳೆದ ವರ್ಷ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯ ತಾಯಿಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಕೈಯಲ್ಲಿದ್ದ ಚೀಲದಲ್ಲಿ ಯಜಮಾನರ ಮೂರು ವರ್ಷಗಳ ರಕ್ತಪರೀಕ್ಷೆಯ ಮತ್ತು ಸ್ಕ್ಯಾನಿಂಗ್‌ನ ವರದಿಗಳಿದ್ದವು. ಯಜಮಾನರಿಗೆ ಲಿವರ್ ಸಿರೋಸಿಸ್ ಇದೆಯೆಂದು ವೈದ್ಯರು ಮೊದಲೇ ತಿಳಿಸಿದ್ದರು. ಮಾತ್ರೆಗಳು ನಡೆದಿದ್ದವು, ಗದ್ದೆಯ ಕೆಲಸವೂ ನಡೆದಿತ್ತು. ಒಂದು ರಾತ್ರಿ ಉಂಡು ಮಲಗಿದವರು ಎದ್ದು ಕುಳಿತು ಬೋಗುಣಿ ತುಂಬ ರಕ್ತ ವಾಂತಿ ಮಾಡಿಕೊಂಡರು. 108 ವಾಹನವು ಮೈಸೂರನ್ನು ತಲಪುವಷ್ಟರಲ್ಲಿ ಅವರಿಗೆ ಎಚ್ಚರವಿರಲಿಲ್ಲ. ಅಲ್ಲಿನ ವೈದ್ಯರು ಅನ್ನನಾಳದಲ್ಲಿ ಉಬ್ಬಿ ಒಡೆದಿದ್ದ ರಕ್ತನಾಳಗಳಿಗೆ ಎಂಡೋಸ್ಕೋಪಿಯ ಮೂಲಕ ರಬ್ಬರ್ ಉಂಗುರ ತೊಡಿಸಿ ಜೀವ ಉಳಿಸಿದರು.

ಆ ವರದಿಗಳನ್ನು ನಾವು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದೆವು. ಮೊದಲ ವರ್ಷ ಪ್ಲೇಟ್‌ಲೆಟ್ ಎಣಿಕೆ 1,38,000, ಮರುವರ್ಷ 1,10,000, ಮೂರನೆಯ ವರ್ಷ 84,000. ಗುಲ್ಮವು 13 ಸೆಂ.ಮೀ.ನಿಂದ 15 ಸೆಂ.ಮೀ.ಗೆ ಬೆಳೆದಿತ್ತು. ಮೂರು ವರದಿಗಳೂ ಮೂರು ಕಡೆ ಬರೆಸಿದವು. ಮೂರನ್ನೂ ಒಟ್ಟಿಗೆ ಓದಿದವರು ಯಾರೂ ಇರಲಿಲ್ಲ. ಪ್ಲೇಟ್‌ಲೆಟ್ ಇಳಿದಿದೆಯೆಂದು ಕೇಳಿದ ಮನೆಯವರು ಡೆಂಗಿಯ ನೆನಪಿನಲ್ಲಿ ಪರಂಗಿ ಎಲೆಯ ರಸ ಕುಡಿಸಿದ್ದರು. “ಇಷ್ಟೊಂದು ಚೀಟಿ ಇದ್ವಲ್ಲಾ ಸ್ವಾಮಿ, ಒಂದ್ರಲ್ಲೂ ಇದು ಕಾಣ್ಲಿಲ್ವಾ?” ಎಂದು ಆ ತಾಯಿ ಕೇಳಿದರು. ಕಂಡಿತ್ತು; ಕೂಡಿಸಿ ಓದುವವರಿರಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ.

ನಮ್ಮ ಅಭಿಪ್ರಾಯ ಇಷ್ಟೇ: ಸಿರೋಸಿಸ್ ಇದೆಯೆಂದು ತಿಳಿದ ಪ್ರತಿಯೊಬ್ಬರಿಗೂ, ರಕ್ತಸ್ರಾವವಾಗುವ ಮೊದಲೇ, ಯಕೃತ್ತಿನ ದ್ವಾರದ ರಕ್ತನಾಳದಲ್ಲಿ ಒತ್ತಡ ಎಷ್ಟು ಏರಿದೆಯೆಂಬ ಅಂದಾಜು ದೊರೆಯಬೇಕು. ಅನೇಕರಲ್ಲಿ ಇದನ್ನು ಕೊಳವೆ ತೂರಿಸದೆ, ನೋವಿಲ್ಲದೆ ತಿಳಿಯುವ ವಿಧಾನಗಳು ಇಂದು ಇವೆ. ಇದ್ದೂ ಅವು ನಮ್ಮ ಹಳ್ಳಿಗಳವರನ್ನು ತಲಪದಿರುವುದು ಸರಿಯಲ್ಲ.

ಕರುಳು ಮತ್ತು ಗುಲ್ಮದಿಂದ ಬರುವ ರಕ್ತವೆಲ್ಲ ಪೋರ್ಟಲ್ ಎಂಬ ದೊಡ್ಡ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರಿ, ಶುದ್ಧಿಗೊಂಡು ಹೃದಯದತ್ತ ಸಾಗುತ್ತದೆ. ಸಿರೋಸಿಸ್‌ನಲ್ಲಿ ಯಕೃತ್ತು ಗಾಯದ ನಾರುಗಟ್ಟಿ ಗಡುಸಾಗುತ್ತದೆ. ಆಗ ತೂಬು ಕಟ್ಟಿಕೊಂಡ ಕೆರೆಯಲ್ಲಿ ನೀರು ಏರುವಂತೆ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ರಕ್ತವು ಅಡ್ಡದಾರಿ ಹಿಡಿದು ಅನ್ನನಾಳದ ಸಣ್ಣ ನಾಳಗಳನ್ನು ಉಬ್ಬಿಸುತ್ತದೆ. ಒಂದು ದಿನ ಅವು ಒಡೆಯುತ್ತವೆ. ಹೀಗೆ ರಕ್ತಸ್ರಾವವಾದವರಲ್ಲಿ ಇಂದಿನ ಚಿಕಿತ್ಸೆಯ ನಡುವೆಯೂ ನೂರಕ್ಕೆ 15ರಿಂದ 20 ಮಂದಿ ಆರು ವಾರಗಳೊಳಗೆ ಅಸುನೀಗುತ್ತಾರೆ.

ಈ ಒತ್ತಡವನ್ನು ಖಚಿತವಾಗಿ ಅಳೆಯಲು ಕತ್ತಿನ ಅಭಿಧಮನಿಯ ಮೂಲಕ ತೆಳುವಾದ ಕೊಳವೆಯನ್ನು ಯಕೃತ್ತಿನವರೆಗೆ ಇಳಿಸಬೇಕು. ಯಕೃತ್ತಿನ ಎರಡು ಬದಿಯ ಒತ್ತಡಗಳ ಅಂತರ ಆರೋಗ್ಯವಂತರಲ್ಲಿ 1ರಿಂದ 5 ಮಿ.ಮೀ. ಪಾದರಸದಷ್ಟು ಇರುತ್ತದೆ. ಅದು 10 ಮುಟ್ಟಿದರೆ ಅಪಾಯದ ಗೆರೆ ದಾಟಿದಂತೆ. 12 ಮೀರಿದರೆ ರಕ್ತಸ್ರಾವದ ಭಯ. ಆದರೆ ಈ ಪರೀಕ್ಷೆಗೆ ನುರಿತ ವೈದ್ಯರು, ವಿಶೇಷ ಕೊಠಡಿ ಮತ್ತು ಸಾಕಷ್ಟು ವೆಚ್ಚ ಬೇಕು. ಎಲ್ಲ ರೋಗಿಗಳಿಗೂ ಇದನ್ನು ಮಾಡಿಸುವುದು ಎಲ್ಲಿಯೂ ಆಗದ ಮಾತು.

ನಮ್ಮ ಊರುಗಳಲ್ಲಿ ನೀರುಗಂಟಿಯು ಕೆರೆಯ ಏರಿಯನ್ನು ಅಗೆದು ನೋಡುತ್ತಿರಲಿಲ್ಲ. ಏರಿಯ ಹೊರಮೈಯಲ್ಲಿ ಎಲ್ಲಿ ಜೌಗು ಹಿಡಿದಿದೆ ಎಂಬುದನ್ನು ನೋಡಿಯೇ ಒಳಗಿನ ಒತ್ತಡವನ್ನು ಅರಿಯುತ್ತಿದ್ದನು. ಎಲಾಸ್ಟೋಗ್ರಫಿ ಎಂಬ ಪರೀಕ್ಷೆಯ ತತ್ತ್ವವೂ ಹೀಗೆಯೇ. ಫ್ರಾನ್ಸ್ ದೇಶದಲ್ಲಿ ರೂಪುಗೊಂಡು 2003ರಲ್ಲಿ ಬಳಕೆಗೆ ಬಂದ ಫೈಬ್ರೋಸ್ಕ್ಯಾನ್ ಯಂತ್ರ ಇದರಲ್ಲಿ ಹೆಸರಾದುದು. ರೋಗಿಯು ಅಂಗಾತ ಮಲಗಿರುವಾಗ ಬಲಪಕ್ಕೆಲುಬುಗಳ ನಡುವೆ ಸಲಕರಣೆಯೊಂದನ್ನಿಟ್ಟು ಮೆಲ್ಲನೆ ತಟ್ಟಲಾಗುತ್ತದೆ. ಆ ತಟ್ಟಿನಿಂದ ಹುಟ್ಟಿದ ಅಲೆಯು ಗಡುಸಾದ ಯಕೃತ್ತಿನಲ್ಲಿ ವೇಗವಾಗಿಯೂ ಮೃದುವಾದುದರಲ್ಲಿ ನಿಧಾನವಾಗಿಯೂ ಚಲಿಸುತ್ತದೆ. ಆ ವೇಗದಿಂದ ಗಡಸುತನವನ್ನು ಲೆಕ್ಕ ಹಾಕಿ ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ ತಿಳಿಸುತ್ತಾರೆ. ಸೂಜಿಯಿಲ್ಲ, ನೋವಿಲ್ಲ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಪರೀಕ್ಷೆಗೆ ಮುನ್ನ ಮೂರು ಗಂಟೆ ಏನನ್ನೂ ತಿನ್ನದಿದ್ದರೆ ಸಾಕು.

ಇಟಲಿಯ ಬವೇನೋ ಎಂಬ ಊರಿನ ಹೆಸರಿನಲ್ಲಿ 1990ರಿಂದ ಈ ವಿಷಯದ ತಜ್ಞರು ಕಾಲಕಾಲಕ್ಕೆ ಸಭೆ ಸೇರಿ ಒಮ್ಮತದ ಸೂತ್ರಗಳನ್ನು ಪ್ರಕಟಿಸುತ್ತ ಬಂದಿದ್ದಾರೆ. ಗಡಸುತನ 20 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆಯಿದ್ದು ಪ್ಲೇಟ್‌ಲೆಟ್ 1,50,000ಕ್ಕಿಂತ ಹೆಚ್ಚಿದ್ದರೆ ಎಂಡೋಸ್ಕೋಪಿಯನ್ನು ಸದ್ಯಕ್ಕೆ ಬಿಡಬಹುದು, ಆದರೆ ವರ್ಷಕ್ಕೊಮ್ಮೆ ಈ ಎರಡನ್ನೂ ಮತ್ತೆ ನೋಡಬೇಕು ಎಂದು 2015ರ ಸೂತ್ರ ಹೇಳಿತು. 2021ರ ಸಭೆ ಇನ್ನೂ ಮುಂದೆ ಹೋಯಿತು. ಗಡಸುತನ 15 ಅಥವಾ ಅದಕ್ಕಿಂತ ಕಡಿಮೆಯಿದ್ದು ಪ್ಲೇಟ್‌ಲೆಟ್ 1,50,000 ಅಥವಾ ಹೆಚ್ಚಿದ್ದರೆ ಅಪಾಯದ ಒತ್ತಡವಿಲ್ಲವೆಂದು ನಂಬಬಹುದು; ಗಡಸುತನ 25 ಮುಟ್ಟಿದರೆ, ಮದ್ಯ ಅಥವಾ ವೈರಸ್‌ನಿಂದ ಸಿರೋಸಿಸ್ ಬಂದವರಲ್ಲಿಯೂ ಸ್ಥೂಲಕಾಯವಿಲ್ಲದ ಕೊಬ್ಬಿನ ಲಿವರ್‌ನವರಲ್ಲಿಯೂ ಅಪಾಯದ ಒತ್ತಡ ಇದ್ದೇ ಇದೆಯೆಂದು ತಿಳಿಯಬಹುದು. ಇವೆರಡರ ನಡುವಿನವರಿಗೆ ವೈದ್ಯರ ವಿವೇಚನೆ ಮತ್ತು ಹೆಚ್ಚಿನ ಪರೀಕ್ಷೆ ಬೇಕು.

“ತಿಳಿದು ಮಾಡುವುದೇನು? ಸಿರೋಸಿಸ್ ವಾಸಿಯಾಗದಲ್ಲ” ಎನ್ನುವವರುಂಟು. ಈ ನಿರಾಶೆಯ ಮಾತನ್ನು ನಾವು ಒಪ್ಪುವುದಿಲ್ಲ. ಸ್ಪೇನ್ ದೇಶದ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒತ್ತಡ ಏರಿದ್ದರೂ ಇನ್ನೂ ತೊಡಕುಗಳು ಕಾಣಿಸಿಕೊಳ್ಳದ 201 ಸಿರೋಸಿಸ್ ರೋಗಿಗಳನ್ನು ಸುಮಾರು ಮೂರು ವರ್ಷ ಗಮನಿಸಲಾಯಿತು. ಪ್ರೊಪ್ರನೊಲೋಲ್ ಅಥವಾ ಕಾರ್ವೆಡಿಲೋಲ್ ಮಾತ್ರೆ ಪಡೆದವರಲ್ಲಿ ನೂರಕ್ಕೆ 16 ಮಂದಿಗೆ ಜಲೋದರ, ರಕ್ತಸ್ರಾವದಂತಹ ತೊಡಕು ಅಥವಾ ಸಾವು ಸಂಭವಿಸಿದರೆ, ಮಾತ್ರೆ ಪಡೆಯದವರಲ್ಲಿ ಅದು 27 ಆಗಿತ್ತು. ಇವು ರಕ್ತದೊತ್ತಡಕ್ಕೆಂದು ಬಹುಕಾಲದಿಂದ ಬಳಕೆಯಲ್ಲಿರುವ, ದುಬಾರಿಯಲ್ಲದ ಮಾತ್ರೆಗಳು. ಆದರೆ ಆಸ್ತಮಾ ಇರುವವರಿಗೆ, ರಕ್ತದೊತ್ತಡ ತೀರ ಕಡಿಮೆಯಿರುವವರಿಗೆ ಇವು ಹೊಂದುವುದಿಲ್ಲ. ಆದ್ದರಿಂದ ವೈದ್ಯರ ಸೂಚನೆಯಿಲ್ಲದೆ ಯಾರೂ ಕೊಂಡು ನುಂಗಬಾರದು. ಮಾತ್ರೆ ಹೊಂದದವರಿಗೆ ಎಂಡೋಸ್ಕೋಪಿ ಮಾಡಿ ಉಂಗುರ ತೊಡಿಸುವ ದಾರಿ ಇದ್ದೇ ಇದೆ.

ಯಂತ್ರದ ಅಂಕಿಯನ್ನೇ ಕಣ್ಣುಮುಚ್ಚಿ ನಂಬಬೇಕೆಂಬುದು ನಮ್ಮ ವಾದವಲ್ಲ. ಉಂಡ ಕೂಡಲೆ ಮಾಡಿಸಿದರೆ, ಕಾಮಾಲೆ ಜೋರಾಗಿದ್ದರೆ, ಹೃದಯದ ದೌರ್ಬಲ್ಯವಿದ್ದರೆ ಅಂಕಿಯು ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಫೈಬ್ರೋಸ್ಕ್ಯಾನ್‌ನ ಅಲೆ ಸರಿಯಾಗಿ ಸಾಗದು. ಇನ್ನೊಂದು ಮಾತು ನಮ್ಮ ದೇಶಕ್ಕೆ ವಿಶೇಷವಾಗಿ ಸಲ್ಲುತ್ತದೆ: ಸಿರೋಸಿಸ್ ಇಲ್ಲದೆಯೇ ಪೋರ್ಟಲ್ ನಾಳ ಮುಚ್ಚಿಕೊಂಡು ಅಥವಾ ಅದರ ಕವಲುಗಳು ಕಿರಿದಾಗಿ ಒತ್ತಡ ಏರುವ ಕಾಯಿಲೆಗಳು ಭಾರತದಲ್ಲಿ ಅಪರೂಪವಲ್ಲ. ಅಂತಹವರ ಯಕೃತ್ತು ಅಷ್ಟೇನೂ ಗಡುಸಾಗಿರುವುದಿಲ್ಲ. ಅಂಕಿ ನೋಡಿ ನಿಶ್ಚಿಂತರಾದರೆ ಮೋಸಹೋಗುತ್ತೇವೆ. ಆದ್ದರಿಂದಲೇ ಗುಲ್ಮದ ಗಾತ್ರ, ಪ್ಲೇಟ್‌ಲೆಟ್ ಎಣಿಕೆ ಹಾಗೂ ರೋಗಿಯ ದೇಹಸ್ಥಿತಿ ಇವೆಲ್ಲವನ್ನೂ ಕೂಡಿಸಿ ನೋಡುವ ವೈದ್ಯರ ಕಣ್ಣು ಬೇಕೇ ಬೇಕು.

ಈ ಕಾಯಿಲೆಯ ಹೆಸರೆತ್ತಿದರೆ “ಕುಡಿದಿರಬೇಕು” ಎಂದು ತೀರ್ಪು ಕೊಡುವುದು ನಮ್ಮ ಸಮಾಜದ ಚಾಳಿ. ಕಿಕ್ಕೇರಿಯ ಆ ಹಿರಿಯರು ಮದ್ಯವನ್ನು ಮುಟ್ಟಿದವರಲ್ಲ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದವರು. ಆದರೂ ನೆಂಟರ ಮಾತಿಗೆ ಅಂಜಿ ರೋಗವನ್ನು ಮುಚ್ಚಿಟ್ಟಿದ್ದರು. ಮದ್ಯದಂತೆಯೇ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಬರುವ ಕೊಬ್ಬಿನ ಲಿವರ್, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳೂ ಸಿರೋಸಿಸ್‌ಗೆ ಕಾರಣ. ಹೆಪಟೈಟಿಸ್ ಸಿ ಇಂದು ಮಾತ್ರೆಗಳಿಂದಲೇ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದಕ್ಕೆ ಉಚಿತ ಚಿಕಿತ್ಸೆಯಿದೆ. ಕುಡಿತದಿಂದ ರೋಗ ಬಂದವರೂ ಕುಡಿತ ಬಿಟ್ಟರೆ ಯಕೃತ್ತಿನ ಗಡಸುತನ ಇಳಿಯುವುದುಂಟು. ಕಾರಣ ಯಾವುದೇ ಆಗಲಿ, ರೋಗಿಗೆ ನಾಚಿಕೆಯ ಹೊರೆ ಹೊರಿಸುವುದು ಚಿಕಿತ್ಸೆಯಲ್ಲ.

ಸರ್ಕಾರದಲ್ಲಿ ನಮ್ಮ ವಿನಂತಿಗಳು ಎರಡು. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆಗಳಂತಹ ದೊಡ್ಡ ಸಂಸ್ಥೆಗಳಲ್ಲಿ ಯಾವ ಪರೀಕ್ಷೆ ಯಾವ ದಿನ ದೊರೆಯುತ್ತದೆ ಎಂಬುದು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಗಳ ಫಲಕದಲ್ಲಿ ಕನ್ನಡದಲ್ಲಿ ಬರೆದಿರಬೇಕು. ಎಲಾಸ್ಟೋಗ್ರಫಿ ಯಂತ್ರಗಳಲ್ಲಿ ಹೊತ್ತೊಯ್ಯಬಹುದಾದ ಮಾದರಿಗಳೂ ಇರುವುದರಿಂದ, ತಿಂಗಳಿಗೊಮ್ಮೆಯಾದರೂ ಅಂತಹ ಯಂತ್ರವನ್ನು ತಾಲ್ಲೂಕು ಕೇಂದ್ರಕ್ಕೆ ತರುವ ವ್ಯವಸ್ಥೆಯಾಗಬೇಕು. ಕಣ್ಣಿನ, ಹಲ್ಲಿನ ಶಿಬಿರಗಳನ್ನು ನಡೆಸುವ ಮಠಮಾನ್ಯಗಳೂ ಈ ದಿಕ್ಕಿನಲ್ಲಿ ಯೋಚಿಸುವುದು ಉಚಿತ.

ಸದ್ಭಕ್ತರಲ್ಲಿ ನಮ್ಮ ಕೋರಿಕೆ ಇನ್ನೂ ಸರಳವಾದುದು. ಮನೆಯಲ್ಲಿ ಸಿರೋಸಿಸ್ ಇರುವವರಿದ್ದರೆ ಅವರ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿಡಿ. ಪ್ಲೇಟ್‌ಲೆಟ್ ಎಣಿಕೆ 1,50,000ಕ್ಕಿಂತ ಕಡಿಮೆಯಿದೆಯೇ, ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ, ಗುಲ್ಮ ದೊಡ್ಡದಾಗಿದೆಯೆಂದು ಬರೆದಿದೆಯೇ ಎಂದು ನೋಡಿ. ಇದ್ದರೆ ಆ ಕಡತದೊಂದಿಗೆ ವೈದ್ಯರ ಬಳಿ ಹೋಗಿ, “ಪೋರ್ಟಲ್ ಒತ್ತಡ ಏರಿದೆಯೇ? ಫೈಬ್ರೋಸ್ಕ್ಯಾನ್ ಅಥವಾ ಎಂಡೋಸ್ಕೋಪಿ ಬೇಕೇ? ಮಾತ್ರೆ ಆರಂಭಿಸಬಹುದೇ?” ಎಂದು ಕೇಳಿ. ರಕ್ತವಾಂತಿ ಅಥವಾ ಕೀಲಿನಂತೆ ಕಪ್ಪಾದ ಮಲ ಕಂಡರೆ ಮಾತ್ರ ಕೇಳುತ್ತ ಕೂರದೆ ಕೂಡಲೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಕಿಕ್ಕೇರಿಯ ಆ ಹಿರಿಯರು ಈಗ ದಿನವೂ ಮಾತ್ರೆ ಸೇವಿಸುತ್ತಿದ್ದಾರೆ. ಹೇಳಿದ ದಿನ ತಪ್ಪದೆ ಎಂಡೋಸ್ಕೋಪಿಗೆ ಹೋಗಿಬರುತ್ತಾರೆ. ಆ ತಾಯಿ ಚೀಲದ ಬದಲಿಗೆ ಕಡತವೊಂದನ್ನು ಇಟ್ಟುಕೊಂಡಿದ್ದಾರೆ. ಅದು ಮೂರು ವರ್ಷ ಮೊದಲೇ ಆಗಬೇಕಿತ್ತು. ಇನ್ನೊಂದು ಮನೆಯಲ್ಲಿ ತಡವಾಗದಿರಲಿ.