ಗಾಲಿಯ ಮೇಲಿನ ಅಡುಗೆಮನೆ: ನಿಯಮವಿದೆ, ಎಚ್ಚರವೆಲ್ಲಿ?

2023ರ ಆಗಸ್ಟ್ 26ರ ನಸುಕಿನಲ್ಲಿ ಮಧುರೈ ರೈಲು ನಿಲ್ದಾಣದ ಸಮೀಪ ಪ್ರವಾಸಿ ಬೋಗಿಯೊಂದು ಹೊತ್ತಿ ಉರಿದು ಒಂಬತ್ತು ಮಂದಿ ಅಸುನೀಗಿದರು. ಲಖನೌದಿಂದ ತೀರ್ಥಯಾತ್ರೆಗೆ ಹೊರಟಿದ್ದ ತಂಡವೊಂದಕ್ಕೆ ಕಾಯ್ದಿರಿಸಿದ್ದ ಬೋಗಿ ಅದು. ರೈಲಿನಿಂದ ಬೇರ್ಪಡಿಸಿ ನಿಲ್ಲಿಸಿದ್ದ ಬೋಗಿಯಲ್ಲಿ, ಕದ್ದು ತಂದಿದ್ದ ಅಡುಗೆ ಅನಿಲದ ಸಿಲಿಂಡರೇ ದುರಂತಕ್ಕೆ ಕಾರಣವೆಂದು ರೈಲ್ವೆ ತಿಳಿಸಿತ್ತು.

ನಿಯಮದ ಕೊರತೆ ಇತ್ತೇ? ಇಲ್ಲ. ಅಪಾಯಕಾರಿ ವಸ್ತುಗಳನ್ನು ಅಕ್ರಮವಾಗಿ ರೈಲಿಗೆ ತಂದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು 1989ರ ರೈಲ್ವೆ ಕಾಯ್ದೆಯ 164ನೇ ಕಲಮು ಅವಕಾಶ ನೀಡುತ್ತದೆ. ಆದರೆ ಆಗಸ್ಟ್ 17ರಂದು ಲಖನೌದಿಂದ ಯಾತ್ರೆ ಹೊರಟ ಈ ತಂಡದ ಸಿಲಿಂಡರನ್ನು ಮಧುರೈವರೆಗೂ ಯಾರೂ ತಡೆಯಲಿಲ್ಲ. ಕೊರತೆ ಇದ್ದುದು ತಪಾಸಣೆಯಲ್ಲಿ.

ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೇರಿ ಕಿಟಕಿಯಿಂದ ಹೊರಹೋಗದೆ ನೆಲದಲ್ಲಿಯೇ ಮಡುಗಟ್ಟುತ್ತದೆ. ಗಾಳಿಯಲ್ಲಿ ಸುಮಾರು ಶೇ 2ರಷ್ಟು ಅನಿಲ ಬೆರೆತರೂ ಒಂದು ಕಿಡಿ ಸಾಕು. ಮನೆಯಲ್ಲಾದರೆ ಹೊರಗೆ ಓಡಬಹುದು. ಬೋಗಿ ಅಥವಾ ಬಸ್ಸಿನಲ್ಲಿ ಇರುವ ಒಂದೆರಡು ಬಾಗಿಲುಗಳಿಗೇ ಎಲ್ಲರೂ ಮುಗಿಬೀಳಬೇಕು.

ಇದು ಉತ್ತರದವರ ಸಮಸ್ಯೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಶಬರಿಮಲೆಗೋ ಪಂಢರಪುರಕ್ಕೋ ಬಾಡಿಗೆ ಬಸ್ಸಿನಲ್ಲಿ ಹೊರಡುವ ನಮ್ಮ ತಂಡಗಳೂ ಅಕ್ಕಿ, ಬೇಳೆಯ ಜತೆಗೆ ಒಲೆ, ಸಿಲಿಂಡರುಗಳನ್ನು ಒಯ್ಯುತ್ತವೆ. ಮಡಿ, ರುಚಿ, ಮಿತವ್ಯಯ ಎಲ್ಲವೂ ಇದಕ್ಕೆ ಕಾರಣ. ಈ ಅಗತ್ಯವನ್ನು ಮನ್ನಿಸದ ನಿಷೇಧ ಸಿಲಿಂಡರನ್ನು ಸೀಟಿನಡಿಗೆ ತಳ್ಳುತ್ತದೆಯೇ ಹೊರತು ಇಲ್ಲವಾಗಿಸದು.

ಇನ್ನು ಅಡುಗೆಮನೆ ಸಹಿತವಾದ ಕ್ಯಾರವಾನುಗಳು. ಅಲ್ಲಿ ಬೆಂಕಿಯೊಂದೇ ಶತ್ರುವಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಅವರನ್ನು ಬಲಿ ಪಡೆದದ್ದು ಜನರೇಟರಿನಿಂದ ಒಳಸೇರಿದ ಕಾರ್ಬನ್ ಮೋನಾಕ್ಸೈಡ್. ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಪರಿಹಾರ ದುಬಾರಿಯೇನಲ್ಲ. ಕ್ಯಾರವಾನಿನಲ್ಲಿ ನೆಲಮಟ್ಟದಲ್ಲಿ ಅನಿಲ ಸೋರಿಕೆ ಸೂಚಕ, ಮಲಗುವೆಡೆ ಕಾರ್ಬನ್ ಮೋನಾಕ್ಸೈಡ್ ಸೂಚಕ, ಬಾಗಿಲ ಬಳಿ ಅಗ್ನಿಶಾಮಕ ಸಾಧನ ಇರಬೇಕು. ಚಲಿಸುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು. ಬೋಗಿ, ಬಸ್ಸುಗಳೊಳಗೆ ಒಲೆ ಸರ್ವಥಾ ಕೂಡದು. ಅದಕ್ಕೆ ಪ್ರತಿಯಾಗಿ ಯಾತ್ರಾಸ್ಥಳಗಳಲ್ಲಿ, ದೊಡ್ಡ ನಿಲ್ದಾಣಗಳಲ್ಲಿ ಬಯಲು ಅಡುಗೆ ತಾಣಗಳನ್ನು ಸರ್ಕಾರ ಒದಗಿಸಲಿ. ಒಂದು ಲೋಟ ಚಹಾಕ್ಕಾಗಿ ಯಾರೂ ಪ್ರಾಣ ತೆರಬೇಕಾಗಿಲ್ಲ.