ಆಮಿ ಯಾಕ ತಿನ್ನವಲ್ದು?

"ಆಮಿ ನಾಕು ದಿನದಿಂದ ಏನೂ ತಿನ್ನವಲ್ದು. ಸುಮ್ನ ಮೂಲ್ಯಾಗ ಕುಂತೈತಿ. ಏನ್ ಕೊಡೂಣು?"

ಸಂಪಗಾಂವ, ಬೈಲಹೊಂಗಲ, ಸವದತ್ತಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ನಮ್ಮಂಥವರಿಗೆ ಡಿಸೆಂಬರಿನಲ್ಲಿ ಮನೆಯಿಂದ ಇಂಥ ಫೋನ್ ಬಂದರೆ ಆಶ್ಚರ್ಯ ಇಲ್ಲ. ಮಳೆಗಾಲದಲ್ಲಿ ಹೊಲದ ಬದುವಿನಲ್ಲೋ ಕಾಲುವೆ ದಂಡೆಯಲ್ಲೋ ಕಂಡ ಆಮೆಯನ್ನು ಯಾರೋ ಮನೆಗೆ ತರ್ತಾರೆ. ಮನೆಯಲ್ಲಿ ಆಮೆ ಇದ್ರೆ ಲಕ್ಷ್ಮಿ ಇರ್ತಾಳೆ ಅನ್ನೋ ನಂಬಿಕೆಯೂ ಜತೆಗೆ. ಮಗ ಇಂಜಿನಿಯರಿಂಗ್ ಓದ್ತಾನೆ ಅಂದ್ರೆ ಮಿಕ್ಸರ್‌ನಿಂದ ಆಮೆಯವರೆಗೆ ಎಲ್ಲ ರಿಪೇರಿ ಮಾಡ್ತಾನೆ ಅಂತ ಮನೆಯವರ ಲೆಕ್ಕ. ತಮಾಷೆ ಅಂದ್ರೆ, ಆಮೆಯ ವಿಷಯದಲ್ಲಿ ಈ ಲೆಕ್ಕ ಪೂರ್ತಿ ತಪ್ಪೇನೂ ಅಲ್ಲ.

ಯಾಕಂದ್ರೆ "ಏನ್ ಕೊಡೂಣು" ಅನ್ನೋ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು "ಅದು ಕುಂತ ಜಾಗ ಎಷ್ಟು ಡಿಗ್ರಿ ಐತಿ" ಅಂತ. ಆಮೆಯ ಮಂಕು ಒಂದು ರೋಗದ ಹೆಸರಲ್ಲ. ಹೆಚ್ಚಿನ ಸಲ ಅದು ನಾವು ಅದನ್ನು ಇಟ್ಟಿರುವ ಮೂಲೆಯ ವರದಿ. ಇದು ನಮ್ಮ ಖಚಿತ ಅಭಿಪ್ರಾಯ.

ಶಾಲೆಯಲ್ಲಿ ನಾವು ಓದಿದ್ದು ಕೋಲ್ಡ್ ಬ್ಲಡೆಡ್ ಅಂತ, ಕನ್ನಡದಲ್ಲಿ ಶೀತರಕ್ತ ಪ್ರಾಣಿ ಅಂತಾರೆ. ಎರಡೂ ದಾರಿ ತಪ್ಪಿಸುವ ಪದಗಳೇ. ಆಮೆಯ ರಕ್ತ ತಣ್ಣಗಿರಬೇಕು ಅಂತ ಯಾವ ನಿಯಮವೂ ಇಲ್ಲ. ಅದರ ಮೈಯೊಳಗೆ ನಮಗಿರುವಂಥ ಹೀಟರ್ ಇಲ್ಲ ಅಷ್ಟೇ. ಬಿಸಿಲಿಗೆ ಹೋಗಿ ಕಾಯಿಸಿಕೊಳ್ಳುತ್ತದೆ, ಜಾಸ್ತಿಯಾದರೆ ಪೊದೆಯ ನೆರಳಿಗೆ ಸರಿಯುತ್ತದೆ. ಫಸ್ಟ್ ಇಯರ್ ಕೆಮಿಸ್ಟ್ರಿಯ ಅರ್ಹೀನಿಯಸ್ ಸಮೀಕರಣ ನೆನಪಿಸಿಕೊಳ್ಳಿ (ಪರೀಕ್ಷೆ ಮುಗಿದ ಮೇಲೂ ಅದಕ್ಕೆ ಒಂದು ಉಪಯೋಗ ಸಿಕ್ಕಿತು). ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿ ಇಳಿದರೆ ಸುಮಾರು ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಬೀಳುತ್ತದೆ. ಆಮೆಯ ಜೀರ್ಣಶಕ್ತಿ, ರೋಗ ತಡೆಯುವ ಶಕ್ತಿ, ಕಾಲು ಎತ್ತಿಡುವ ಶಕ್ತಿ ಎಲ್ಲ ಇದೇ ಲೆಕ್ಕದಲ್ಲಿ ನಡೆಯುತ್ತವೆ. ನೆಲದ ಆಮೆಗೆ ಹಗಲು ಸುತ್ತಲಿನ ಗಾಳಿ 27ರಿಂದ 30 ಡಿಗ್ರಿ ಇರಬೇಕು, ಮೈ ಕಾಯಿಸಿಕೊಳ್ಳೋ ಜಾಗ 32ರಿಂದ 35 ಇರಬೇಕು. ನಮ್ಮ ಕಡೆ ಚಳಿಗಾಲದ ರಾತ್ರಿ 14-15ಕ್ಕೆ ಇಳಿಯುವುದು ಮಾಮೂಲು. ಹೊಸ ಮನೆಯ ಗ್ರಾನೈಟ್ ನೆಲದ ಮೇಲೆ, ಬಚ್ಚಲು ಪಕ್ಕದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕೂತ ಆಮೆಗೆ ಹಸಿವಾಗುವುದಾದರೂ ಹೇಗೆ?

ಇಲ್ಲಿ ಯಾರಾದರೂ "ಅದು ಚಳಿಗಾಲದ ನಿದ್ದಿ, ಬಿಡ್ರಿ" ಅಂತಾರೆ. ಯೂಟ್ಯೂಬಿನಲ್ಲಿ ಫ್ರಿಜ್ಜಿನಲ್ಲಿ ಆಮೆ ಮಲಗಿಸೋ ವಿಡಿಯೋ ನೋಡಿದವರಂತೂ ಇನ್ನೂ ಧೈರ್ಯವಾಗಿ ಹೇಳ್ತಾರೆ. ಆ ವಿಡಿಯೋಗಳು ಯುರೋಪಿನ, ಮೆಡಿಟರೇನಿಯನ್ ಕಡೆಯ ಜಾತಿಗಳವು. ಬೆನ್ನ ಮೇಲೆ ನಕ್ಷತ್ರದ ಗೆರೆ ಇರುವ ನಮ್ಮ ಆಮೆ ಹಾಗೆ ತಿಂಗಳುಗಟ್ಟಲೆ ನಿದ್ದೆ ಹೋಗುವ ಜಾತಿಯಲ್ಲ. ಚಳಿಯಲ್ಲೂ ಕಡು ಬೇಸಿಗೆಯಲ್ಲೂ ಓಡಾಟ ಕಡಿಮೆ ಮಾಡುತ್ತದೆ, ಮಳೆಗಾಲದಲ್ಲಿ ಚುರುಕಾಗುತ್ತದೆ. ಚಳಿಯ ಜತೆ ತೇವವೂ ಸೇರಿದರೆ ಅದಕ್ಕೆ ನಿದ್ದೆ ಬರಲ್ಲ, ನ್ಯುಮೋನಿಯಾ ಬರುತ್ತದೆ.

ತಿನ್ನದ ಆಮೆಯ ಬಾಯಿ ಬಿಡಿಸಿ ಅನ್ನ, ಬಾಳೆಹಣ್ಣು ತುರುಕುವುದು ಇನ್ನೊಂದು ಪ್ರೀತಿಯ ಅಪಾಯ. ತಣ್ಣಗಿರುವ ಹೊಟ್ಟೆಯಲ್ಲಿ ಆಹಾರ ಅರಗುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಆಮೇಲೆ ನೀರು, ಕೊನೆಗೆ ಊಟ. ಪೆಟ್ಟಿಗೆಯ ಒಂದು ತುದಿಗೆ 60 ವ್ಯಾಟಿನ ಹಳೇ ಗಾಜಿನ ಬಲ್ಬ್ ತೂಗುಹಾಕಿ. ಎಲ್‌ಇಡಿ ಆಗಲ್ಲ, ಅದು ಬೆಳಕು ಕೊಡುತ್ತದೆ, ಅಷ್ಟು ಕಾವು ಕೊಡಲ್ಲ. ಇನ್ನೊಂದು ತುದಿ ತಣ್ಣಗೇ ಇರಲಿ. ಎಲ್ಲಿ ಇರಬೇಕು ಅಂತ ಆಮೆಯೇ ತೀರ್ಮಾನ ಮಾಡಲಿ, ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠಕ್ಕಿಂತ ಅದಕ್ಕೆ ಚೆನ್ನಾಗಿ ಗೊತ್ತು. ದಿನಕ್ಕೊಮ್ಮೆ ಹದಿನೈದು-ಇಪ್ಪತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ನೀರು ಅದರ ಗದ್ದಕ್ಕಿಂತ ಕೆಳಗಿರಲಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. "ಸಣ್ಣಾಗೇತಿ ಅನಸ್ತೈತಿ" ಅನ್ನೋದಕ್ಕಿಂತ ಗ್ರಾಂ ಲೆಕ್ಕ ಡಾಕ್ಟರಿಗೆ ನೂರು ಪಾಲು ಉಪಯೋಗ.

ಬಿಸಿಲಿನ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಬಿಸಿಲು ಬಿತ್ತಲ್ಲ ಅಂದ್ಕೋತೀವಿ. ಆದರೆ ವಿಟಮಿನ್ ಡಿ-3 ತಯಾರಾಗಲು ಬೇಕಾದ ಯುವಿ-ಬಿ ಕಿರಣವನ್ನು ಮಾಮೂಲಿ ಗಾಜು ಬಹುಪಾಲು ತಡೆಯುತ್ತದೆ. ಡಿ-3 ಇಲ್ಲದೆ ಕ್ಯಾಲ್ಸಿಯಂ ಹಿಡಿಯಲ್ಲ, ಚಿಪ್ಪು ಮೆತ್ತಗಾಗುತ್ತದೆ, ಕಾಲಿನಲ್ಲಿ ಶಕ್ತಿ ಉಳಿಯಲ್ಲ. ಸೌತೆಕಾಯಿ, ಟೊಮೆಟೊ, ಅನ್ನ, ರೊಟ್ಟಿ ಚೂರು ತಿಂದೇ ಬೆಳೆದ ಆಮೆಯಾದರೆ ಇನ್ನೂ ಬೇಗ. ಅದರ ನಿಜವಾದ ಊಟ ಹುಲ್ಲು, ಕಾಡುಸೊಪ್ಪು. ಕರಕಿ ಹುಲ್ಲು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ, ಇವೆಲ್ಲ ನಮ್ಮೂರಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಔಷಧಿ ಹೊಡೆದ ಹೊಲದ ಬದುವಿನಿಂದ ಮಾತ್ರ ಕಿತ್ತು ತರಬೇಡಿ. ಹತ್ತಿ ಬೆಳೆಯೋ ಕಡೆ ಈ ಮಾತನ್ನು ಎರಡು ಸಲ ಹೇಳಬೇಕು.

ಬೆಚ್ಚಗೆ ಮಾಡಿದ ಮೇಲೂ ಎರಡು-ಮೂರು ದಿನ ಹಾಗೇ ಇದ್ದರೆ ಅದು ಮೂಲೆಯ ತಪ್ಪಲ್ಲ, ಒಳಗೆ ಏನೋ ಆಗಿದೆ. ಹೊಟ್ಟೆಯಲ್ಲಿ ಹುಳ, ಮೂತ್ರಕೋಶದಲ್ಲಿ ಕಲ್ಲು, ಹೆಣ್ಣಾದರೆ ಹೊರಬರದೆ ಸಿಕ್ಕಿಕೊಂಡ ಮೊಟ್ಟೆ, ಮಣ್ಣು-ಮರಳು ತಿಂದು ಕಟ್ಟಿದ ಕರುಳು, ಯಾವುದಾದರೂ ಇರಬಹುದು. ಮೂಗಿನಲ್ಲಿ ಗುಳ್ಳೆ ಬರ್ತಿದ್ದರೆ, ಕುತ್ತಿಗೆ ಚಾಚಿ ಬಾಯಿ ತೆರೆದು ಉಸಿರಾಡ್ತಿದ್ದರೆ, ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಎರಡು ದಿನವೂ ಕಾಯಬಾರದು. ಆಮೆಗೆ ವಪೆ ಇಲ್ಲ, ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಬರಲ್ಲ. ಹಾಗಾಗಿ ಅದರ ನ್ಯುಮೋನಿಯಾ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ. ಇನ್ನು, ಎಮ್ಮೆ-ಕುರಿಗಳ ಉಣ್ಣೆಗೆ, ಹುಳಕ್ಕೆ ತಂದ ಐವರ್‌ಮೆಕ್ಟಿನ್ ಕಪಾಟಿನಲ್ಲಿ ಇರುತ್ತದಲ್ಲ, ಅದನ್ನು "ಸ್ವಲ್ಪ" ಹಾಕೋಣ ಅನ್ನುವವರಿಗೆ ಹೇಳಿಬಿಡಿ: ಆಮೆಗೆ ಅದು ವಿಷ. ಹಸುವಿಗೆ ಔಷಧ ಆಗಿದ್ದು ಆಮೆಯನ್ನು ಕೊಲ್ಲಬಲ್ಲದು.

ಹಾಗಾದ್ರೆ ಡಾಕ್ಟರ್ ಹತ್ತಿರ ಹೋಗೋಣ. ಇಲ್ಲೇ ಇಡೀ ಕತೆ ಸಿಕ್ಕಿಬೀಳುವುದು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳೋದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಅದು ನಾಲ್ಕನೇ ಪರಿಚ್ಛೇದದಲ್ಲಿತ್ತು. 2022ರ ತಿದ್ದುಪಡಿ ಅದನ್ನು ಹುಲಿ, ಆನೆ ಇರುವ ಒಂದನೇ ಪರಿಚ್ಛೇದಕ್ಕೆ ಏರಿಸಿತು. ಕೆರೆ-ಕಾಲುವೆಯಲ್ಲಿ ಸಿಗುವ, ಮೆತ್ತಗಿನ ಚಪ್ಪಟೆ ಬೆನ್ನಿನ ಆಮೆಯೂ ಒಂದನೇ ಪರಿಚ್ಛೇದದ್ದೇ. 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಭೆ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿತು. ಕಾನೂನು ಸರಿಯಾಗಿಯೇ ಇದೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅದರ ಒಂದು ನೆರಳು ಆಮೆಯ ಮೇಲೇ ಬೀಳುತ್ತದೆ. ಸಿಕ್ಕಿಬೀಳ್ತೀವಿ ಅನ್ನೋ ಭಯಕ್ಕೆ ಮನೆಯವರು ದವಾಖಾನೆಗೆ ಒಯ್ಯಲ್ಲ, ಫೋನಿನಲ್ಲೂ ಮೆಲ್ಲಗೆ ಕೇಳ್ತಾರೆ, ಆಮೆ ಮೂಲೆಯಲ್ಲೇ ಸಾಯುತ್ತದೆ. ಸಂತೆಯಲ್ಲಿ ಮಾರುವವನನ್ನೂ, ಗೊತ್ತಿಲ್ಲದೆ ತಂದು ಈಗ ಒಪ್ಪಿಸಲು ಬಂದ ಅಜ್ಜಿಯನ್ನೂ ಒಂದೇ ಕಣ್ಣಿನಿಂದ ನೋಡಬಾರದು. ತಂದು ಒಪ್ಪಿಸಿದರೆ ಏನಾಗುತ್ತದೆ ಅಂತ ಅರಣ್ಯ ಇಲಾಖೆ ಊರಿನ ಪಂಚಾಯಿತಿ ಗೋಡೆಯ ಮೇಲೆ ಸರಳ ಕನ್ನಡದಲ್ಲಿ ಬರೆಸಿದರೆ ಎಷ್ಟೋ ಆಮೆ ಉಳಿಯುತ್ತವೆ ಅಂತ ನಮಗೆ ಅನಿಸುತ್ತದೆ.

ಭಯ ಜಾಸ್ತಿಯಾದಾಗ ಜನ ಮಾಡೋದು ಇನ್ನೊಂದು: "ಮಲಪ್ರಭೆಗೆ ಬಿಟ್ಟು ಬರೂಣು, ಪುಣ್ಯ ಬರ್ತೈತಿ." ಇಂಗ್ಲಿಷಿನಲ್ಲಿ ಟಾರ್ಟಾಯ್ಸ್, ಟರ್ಟಲ್ ಅಂತ ಎರಡು ಹೆಸರಿವೆ, ನಮಗೆ ಎಲ್ಲವೂ ಆಮೆಯೇ. ಆ ಒಂದು ಹೆಸರು ಇಲ್ಲಿ ಜೀವ ತೆಗೆಯುತ್ತದೆ. ಗುಮ್ಮಟದಂಥ ಬೆನ್ನು, ಕಂಬದಂಥ ಕಾಲಿನ ನಕ್ಷತ್ರ ಆಮೆ ನೆಲದ ಪ್ರಾಣಿ. ನದಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಅಂಗಡಿಯಿಂದ ತಂದ, ಕಿವಿ ಹತ್ತಿರ ಕೆಂಪು ಪಟ್ಟಿಯ ಹಸಿರು ಆಮೆಯದು ಉಲ್ಟಾ ಕತೆ. ಅಮೆರಿಕದ ಆ ಜಾತಿ ಈಜಿ ಬದುಕುತ್ತದೆ, ನಮ್ಮ ಕೆರೆಯ ಆಮೆಗಳ ಊಟವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನೆಲದ ಆಮೆಯನ್ನು ಹೊಲದಲ್ಲಿ ಬಿಡುವುದೂ ಸುಲಭದ ದಾರಿಯಲ್ಲ, ಮನೆಯಲ್ಲಿ ಹಿಡಿದ ಸೋಂಕನ್ನು ಅದು ಕಾಡಿನ ಆಮೆಗಳಿಗೆ ಹಂಚಬಹುದು. 2018ರ ನವೆಂಬರಿನಲ್ಲಿ ಕಳ್ಳಸಾಗಣೆಯಾಗಿದ್ದ 51 ನಕ್ಷತ್ರ ಆಮೆಗಳು ಸಿಂಗಪುರದಿಂದ ಕರ್ನಾಟಕಕ್ಕೆ ವಾಪಸ್ ಬಂದವು. ಅಲ್ಲಿನ ಏಕರ್ಸ್ ಸಂಸ್ಥೆ, ಇಲ್ಲಿನ ವೈಲ್ಡ್‌ಲೈಫ್ ಎಸ್‌ಒಎಸ್, ನಮ್ಮ ಅರಣ್ಯ ಇಲಾಖೆ ಸೇರಿ ಮಾಡಿದ ಕೆಲಸ ಅದು. ಅವನ್ನು ವಿಮಾನ ಇಳಿಸಿ ನೇರ ಕಾಡಿಗೆ ಬಿಡಲಿಲ್ಲ, ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಿದರು.

ಹಾಗಾಗಿ ಮುಂದಿನ ಸಲ ಮನೆಯಿಂದ ಫೋನ್ ಬಂದಾಗ ಮೊದಲು ಆಮೆಯ ಫೋಟೋ ಕಳಿಸಿ ಅನ್ನಿ, ಬೆನ್ನಿನದೊಂದು, ಕಾಲಿನದೊಂದು. ನಮ್ಮ ನೆಲದ್ದೋ ನಮ್ಮ ಕೆರೆಯದ್ದೋ ಅಂತ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ನೀವೇ ಫೋನ್ ಮಾಡಿ. ಅವ್ವ-ಕಾಕಾಗೆ ಇರೋ ಅಂಜಿಕೆ ನಮಗೆ ಬೇಕಾಗಿಲ್ಲ. ಯಾರಾದರೂ ಬರುವ ತನಕ ತೂತು ಮಾಡಿದ ಒಣ ರಟ್ಟಿನ ಡಬ್ಬಿ, ಕೆಳಗೆ ಹಳೇ ಟವೆಲ್, ಬೆಚ್ಚಗಿನ ಜಾಗ. ನಕ್ಷತ್ರ ಆಮೆಯಾದರೆ ನೀರು ತುಂಬಿದ ಬಕೆಟ್ ಮಾತ್ರ ಬೇಡ.