ಚಿನ್ನವೂ ಮುಳುಗಿತು, ಡಾಲರೂ ಮುಳುಗಿತು

ಕಳೆದ ವಾರ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಎರಡು ರಾತ್ರಿ ಎರಡು ಚಿತ್ರ ನೋಡಿದೆ. ಒಂದು, ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್. ಚಾಪ್ಟರ್ 2’ (2022). ಇನ್ನೊಂದು, ಹಿಚ್‌ಕಾಕ್‌ನ ‘ಸೈಕೋ’ (1960). ಮರುದಿನ ಕ್ಯಾಂಟೀನಿನಲ್ಲಿ ‘ಸೈಕೋನೇ ಹೆಚ್ಚು ಹಿಡಿಸಿತು’ ಅಂದೆ, ಅಷ್ಟೆ. ನಮ್ಮ ಸಂಘದವರೇ ನನ್ನನ್ನು ಕನ್ನಡದ್ರೋಹಿ ಅಂದುಬಿಟ್ಟರು. ಅದಕ್ಕೇ ಈ ಬರಹ.

ಯಶ್‌ಗೆ ನಾನೂ ಸಿಳ್ಳೆ ಹಾಕಿದವನೇ. 2022ರಲ್ಲಿ ಇಲ್ಲಿ ಮುಂಬೈಯ ಥಿಯೇಟರಿನಲ್ಲಿ ಅದನ್ನು ಹಿಂದಿಯಲ್ಲಿ ನೋಡಿದ್ದೆ. ಕನ್ನಡ ಬಾರದವರೆಲ್ಲ ನಮ್ಮ ಚಿತ್ರಕ್ಕೆ ಕುಣಿಯುವಾಗ ಎದೆ ಉಬ್ಬಿತ್ತು. ಆ ದೊಡ್ಡ ಬಂದೂಕಿಗೆ ‘ದೊಡ್ಡಮ್ಮ’ ಅನ್ನುವುದನ್ನಂತೂ ಕನ್ನಡದಲ್ಲೇ ಕೇಳಬೇಕು ಮಾರಾಯ್ರೆ! ಒಂದು ಚಿನ್ನದ ಬಿಸ್ಕತ್ತಿಗಾಗಿ ಇಡೀ ಪೊಲೀಸ್ ಠಾಣೆ ಜರಡಿಯಾಗುತ್ತದೆ. ಕಾದ ಬಂದೂಕಿನಲ್ಲಿ ರಾಕಿ ಸಿಗರೇಟು ಹೊತ್ತಿಸುತ್ತಾನೆ. ಆದರೆ ಇಡೀ ಚಿತ್ರದಲ್ಲಿ ಸತ್ತವರೆಷ್ಟು ಜನ? ಲೆಕ್ಕ ಇಟ್ಟವರಿಲ್ಲ, ನಾನೂ ಇಡಲಿಲ್ಲ.

ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವ ನಾನು. ಇಂಗ್ಲಿಷ್ ಚಿತ್ರಕ್ಕೆ ಹೋದರೆ ಪಕ್ಕದವ ನಕ್ಕಾಗ ನಗುವುದೇ ಅಭ್ಯಾಸ. ‘ಸೈಕೋ’ದಲ್ಲಿ ಆ ಕಷ್ಟವಾಗಲಿಲ್ಲ. (ನೋಡದವರು ಇಲ್ಲಿಂದ ಮುಂದೆ ಓದಬೇಡಿ.) ಮೇರಿಯನ್ ಎಂಬ ಆಫೀಸಿನ ಹುಡುಗಿ ಬ್ಯಾಂಕಿಗೆ ಕಟ್ಟಬೇಕಾದ 40,000 ಡಾಲರ್ ಎತ್ತಿಕೊಂಡು ಓಡಿಹೋಗುತ್ತಾಳೆ. ದಾರಿಯಲ್ಲಿ ಕಾರು ಬದಲಾಯಿಸಲು 700 ಖರ್ಚು. ರಾತ್ರಿ ಮೋಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ಚೀಟಿಯ ಮೇಲೆ ಕಳೆಯುವ ಲೆಕ್ಕ ಹಾಕುತ್ತಾಳೆ. ಹಣ ವಾಪಸು ಕೊಡಬೇಕು ಎಂಬ ಮನಸ್ಸಾಗಿದೆ. ಆಮೇಲೆ ಚೀಟಿ ಹರಿದು ನೀರಿಗೆ ಹಾಕುತ್ತಾಳೆ. ಒಂದು ಮಾತಿಲ್ಲ. ಅಪ್ಪ ಕೊಟ್ಟ ಫೀಸಿನ ಹಣದಲ್ಲಿ ಸ್ವಲ್ಪ ಖರ್ಚು ಮಾಡಿಕೊಂಡು, ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅದೇ ಲೆಕ್ಕ ಹಾಕಿ ಹರಿದು ಬಿಸಾಡಿದವ ನಾನು. ನನಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ.

ಲೆಕ್ಕ ಮುಗಿಸಿ ಸ್ನಾನಕ್ಕೆ ಹೋದವಳು ಹೊರಗೆ ಬರುವುದಿಲ್ಲ. ಅವಳ ಹೆಣವನ್ನೂ, ಪೇಪರಿನಲ್ಲಿ ಸುತ್ತಿದ ಆ ಹಣವನ್ನೂ ಕಾರಿನಲ್ಲೇ ಕೆಸರುಹೊಂಡಕ್ಕೆ ತಳ್ಳುತ್ತಾರೆ. ಅರ್ಧ ಮುಳುಗಿದ ಕಾರು ಒಂದು ಕ್ಷಣ ನಿಂತುಬಿಡುತ್ತದೆ. ಮುಳುಗಲಿ ಅಂತ ಉಸಿರು ಬಿಗಿಹಿಡಿದದ್ದು ನಾನೇ! ಹೆಣ ಮುಚ್ಚುವವನ ಪಕ್ಷ ನಾನು ಯಾವಾಗ ಸೇರಿದೆ? ಆ ರಾತ್ರಿ ನಿದ್ದೆ ಬರಲಿಲ್ಲ.

ರಾಕಿಯೂ ಕೊನೆಗೆ ತನ್ನ ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗುತ್ತಾನೆ. ಅಷ್ಟೊಂದು ಚಿನ್ನ! ನಾನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ, ಚೆನ್ನಾಗಿ ನಿದ್ದೆ ಬಂತು.

ಇದರಲ್ಲಿ ಕನ್ನಡದ್ರೋಹ ಎಲ್ಲಿ ಬಂತು? ಆಕ್ಷೇಪ ಇರುವವರು ಮುಂದಿನ ಸಂಚಿಕೆಗೆ ಬರೆಯಿರಿ. ಕ್ಯಾಂಟೀನಿನಲ್ಲಿ ಕೂಗಬೇಡಿ.